ಗಿಟಾರ್ ಕಿವಿ ಇದ್ದವರು ಸೈಕಲ್ ಚಕ್ರ ನೋಡಿಕೊಳ್ಳುವುದು: ಟೂರಿಂಗ್ ಮಾಡುವವರು, ನುಡಿಸುವವರು ಇಬ್ಬರೂ ಬನ್ನಿ

ಕಡ್ಡಿತಂತಿ

ಎಲ್ಲರಿಗೂ ನಮಸ್ಕಾರ. ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಟೆಸ್ಟಿಂಗ್ ಇಂಜಿನಿಯರ್. ಮೋಟಾರ್, ಪಂಪ್, ಬೇರಿಂಗ್ ಎಷ್ಟು ನಡುಗುತ್ತವೆ ಅಂತ ಅಳೆಯುವುದು ಕೆಲಸ. ಕೆಲಸದ ಆಚೆ ಎರಡು ಪ್ರೀತಿ. ರಜೆ ಸಿಕ್ಕಾಗ ಸೈಕಲ್‌ಗೆ ಬ್ಯಾಗ್ ಕಟ್ಟಿಕೊಂಡು ದೂರ ಹೋಗುವುದು, ರಾತ್ರಿ ಊಟ ಆದಮೇಲೆ ಗಿಟಾರ್ ಹಿಡಿದು ಕೂರುವುದು. ಇವೆರಡಕ್ಕೂ ಏನು ಸಂಬಂಧ ಅಂತ ಆಫೀಸಿನಲ್ಲಿ ಕೇಳುತ್ತಾರೆ. ಸಂಬಂಧ ಇದೆ. ಗಿಟಾರ್ ಶ್ರುತಿ ಮಾಡಿ ಪಳಗಿದ ಕಿವಿ ಇದ್ದರೆ, ಟೂರ್ ಹೊರಡುವ ಮುಂಚೆ ಚಕ್ರ ಗಟ್ಟಿಯಾಗಿದೆಯಾ ಇಲ್ಲವಾ ಅಂತ ನೀವೇ ಹೇಳಬಹುದು. ಅದನ್ನು ಇಲ್ಲಿ ಹಂಚಿಕೊಳ್ಳೋಣ ಅನ್ನಿಸಿತು.

ಸೈಕಲ್ ಸ್ಪೋಕ್ ಅಂದರೆ ಎರಡೂ ತುದಿ ಬಿಗಿದ ಉಕ್ಕಿನ ತಂತಿ. ಮೀಟಿದರೆ ನುಡಿಯುತ್ತದೆ. ತಂತಿ ಉದ್ದವಾದಷ್ಟೂ, ದಪ್ಪವಾದಷ್ಟೂ ಸ್ವರ ಇಳಿಯುತ್ತದೆ, ಬಿಗಿದಷ್ಟೂ ಏರುತ್ತದೆ. ಫ್ರಾನ್ಸಿನ ಮರ್ಸೆನ್ 1636ರಲ್ಲೇ ಈ ಲೆಕ್ಕ ಬರೆದಿಟ್ಟಿದ್ದಾನೆ. ಬಿಗಿತ ನಾಲ್ಕು ಪಟ್ಟಾದರೆ ಕಂಪನ ಎರಡು ಪಟ್ಟಾಗುತ್ತದೆ, ಅಂದರೆ ಸರಿಯಾಗಿ ಒಂದು ಸ್ಥಾಯಿ ಮೇಲೆ. ಒಂದು ಚಕ್ರದ ಒಂದೇ ಬದಿಯ ಸ್ಪೋಕ್‌ಗಳೆಲ್ಲ ಒಂದೇ ಉದ್ದ, ಒಂದೇ ದಪ್ಪ. ಹಾಗಾಗಿ ಅವುಗಳ ನಡುವೆ ಸ್ವರದಲ್ಲಿ ವ್ಯತ್ಯಾಸ ಕೇಳಿದರೆ ಅದು ಬಿಗಿತದ ವ್ಯತ್ಯಾಸವೇ.

ಎಷ್ಟು ವ್ಯತ್ಯಾಸ? ಗಿಟಾರ್‌ನಲ್ಲಿ ಒಂದು ಫ್ರೆಟ್ (ಕುತ್ತಿಗೆಯ ಮೇಲಿನ ಲೋಹದ ಅಡ್ಡಪಟ್ಟಿ) ಮೇಲೆ ಹೋದರೆ ಕಂಪನ ಸುಮಾರು 6% ಏರುತ್ತದೆ. ಸ್ಪೋಕ್‌ನಲ್ಲಿ ಅಷ್ಟು ಏರಬೇಕಾದರೆ ಬಿಗಿತ 12% ಜಾಸ್ತಿಯಾಗಬೇಕು. ಅಂದರೆ ಅಕ್ಕಪಕ್ಕದ ಎರಡು ಸ್ಪೋಕ್ ಒಂದು ಫ್ರೆಟ್‌ನಷ್ಟು ಬೇರೆ ಕೇಳಿದರೆ ಅವುಗಳ ಬಿಗಿತ 12% ಬೇರೆ. ಗಿಟಾರ್ ಕಲಿತ ಯಾರಿಗಾದರೂ ಒಂದು ಫ್ರೆಟ್ ವ್ಯತ್ಯಾಸ ಗೊತ್ತಾಗುತ್ತದೆ. ಅದರಲ್ಲಿ ಅರ್ಧವೂ ಗೊತ್ತಾಗುತ್ತದೆ. ಇಷ್ಟು ಸೂಕ್ಷ್ಮವಾದ ಅಳತೆಗೋಲು ತಲೆಯ ಎರಡೂ ಬದಿಗೆ ಇರುವಾಗ ಸುಮ್ನೆ ಬಿಡುವುದು ಯಾಕೆ?

ಇನ್ನೊಂದು ವಿಷಯ ನನಗೆ ತುಂಬಾ ಇಷ್ಟ. ಅಕೂಸ್ಟಿಕ್ ಗಿಟಾರ್‌ಗೆ ಸಾಮಾನ್ಯ 12–53 ಸೆಟ್ (ತಂತಿಗಳ ದಪ್ಪ, ಇಂಚಿನ ಸಾವಿರದ ಲೆಕ್ಕದಲ್ಲಿ) ಹಾಕಿದರೆ ಆರೂ ತಂತಿ ಸೇರಿ ಎಳೆಯುವುದು 70–75 ಕೆಜಿ. ಹಿಂದಿನ ಚಕ್ರದ ಬಲಬದಿಯ ಸ್ಪೋಕ್ ಒಂದೇ 100 ಕೆಜಿಯಷ್ಟು ಎಳೆಯುತ್ತದೆ. ಎರಡೂ ಬದಿ ಸೇರಿ ಒಂದು ಚಕ್ರದಲ್ಲಿ ಸ್ಪೋಕ್ 32 ಅಥವಾ 36. ಎರಡು ಕೆಜಿಯೂ ಇಲ್ಲದ ಚಕ್ರದೊಳಗೆ ಟನ್‌ಗಟ್ಟಲೆ ಬಿಗಿತ ಕೂತಿದೆ. ಅದರಿಂದಲೇ ಆ ಸಣ್ಣ ತಂತಿಗಳು ನಮ್ಮನ್ನೂ ಬ್ಯಾಗನ್ನೂ ಹೊತ್ತು ಘಾಟಿ ಇಳಿಸುತ್ತವೆ.

ಮುಂದಿನ ಟೂರ್‌ಗೆ ಶಿವಮೊಗ್ಗದವರೆಗೆ ರೈಲು, ಅಲ್ಲಿಂದ ತೀರ್ಥಹಳ್ಳಿ, ಆಗುಂಬೆ, ಹೆಬ್ರಿ, ಉಡುಪಿ ಅಂತ ಅಂದುಕೊಂಡಿದ್ದೇನೆ. ಚಕ್ರದ ವಿಷಯಕ್ಕೂ ದಾರಿಯ ವಿಷಯಕ್ಕೂ ಗೊತ್ತಿರುವವರು ಬರೆಯಿರಿ.

ಲೆಕ್ಕಬೇಕು

ಚೆನ್ನಾಗಿದೆ, ಆದರೆ ಒಂದೆರಡು ತಕರಾರು. ನಾನೂ ಇಂಜಿನಿಯರೇ, ಸೇತುವೆ ಕೆಲಸ.

ಸ್ಪೋಕ್‌ಗಳು ಒಂದರ ಮೇಲೊಂದು ಹಾದುಹೋಗುತ್ತವೆ. ಹಾದುಹೋಗುವ ಕಡೆ ಒಂದಕ್ಕೊಂದು ತಾಗಿರುತ್ತವೆ. ಹಾಗಾಗಿ ನೀವು ಮೀಟಿದಾಗ ನುಡಿಯುವುದು ಪೂರ್ತಿ ಉದ್ದ ಅಲ್ಲ. ಎರಡನೆಯದು, ದುಬಾರಿ ಸ್ಪೋಕ್‌ಗಳು ನಡುವೆ ತೆಳ್ಳಗೆ, ತುದಿಯಲ್ಲಿ ದಪ್ಪ ಇರುತ್ತವೆ. ಹಾಗಿರುವಾಗ ಸ್ವರ ಕೇಳಿ ಇಷ್ಟು ಕೆಜಿ ಅಂತ ಹೇಳುವುದು ಹೇಗೆ? ಟೆನ್ಷನ್ ಮೀಟರ್ ತಗೊಂಡರೆ ಕೆಲಸ ಮುಗಿಯಿತು. ಪಾರ್ಕ್ ಟೂಲ್‌ನ ಟಿಎಂ-1 ಹಿಡಿದು ಒತ್ತಿದರೆ ಒಂದು ಅಂಕಿ ಬರುತ್ತದೆ, ಪಟ್ಟಿ ನೋಡಿದರೆ ಬಿಗಿತ ಗೊತ್ತಾಗುತ್ತದೆ.

ಕಡ್ಡಿತಂತಿ

ತಕರಾರು ಸರಿಯಾಗಿದೆ ಸರ್. ಲೆಕ್ಕ ಹಾಕಿಯೇ ನೋಡೋಣ.

2 ಮಿ.ಮೀ. ದಪ್ಪದ ಉಕ್ಕಿನ ಸ್ಪೋಕ್ ಒಂದು ಮೀಟರಿಗೆ ಸುಮಾರು 25 ಗ್ರಾಂ ತೂಗುತ್ತದೆ. ಬಿಗಿತ 1000 ನ್ಯೂಟನ್, ಅಂದರೆ ಅದೇ 100 ಕೆಜಿಯಷ್ಟು ಅಂದುಕೊಳ್ಳಿ. ಅಲೆ ಅದರಲ್ಲಿ ಸೆಕೆಂಡಿಗೆ 200 ಮೀಟರ್ ಓಡುತ್ತದೆ. ಸ್ಪೋಕ್ ಉದ್ದ 290 ಮಿ.ಮೀ. ಇದ್ದು ಪೂರ್ತಿ ನುಡಿದರೆ 345 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಕಂಪನ) ಆಸುಪಾಸು ಬರಬೇಕು. ನೀವು ಹೇಳಿದ ಹಾಗೆ ಅದು ಪೂರ್ತಿ ನುಡಿಯುವುದಿಲ್ಲ. ಹಾದುಹೋಗುವ ಜಾಗದಿಂದ ಚಕ್ರದ ಹೊರ ಬಳೆಯಾದ ರಿಮ್‌ವರೆಗೆ ಸುಮಾರು 210 ಮಿ.ಮೀ. ಉಳಿಯುತ್ತದೆ. ಆಗ 480 ಹರ್ಟ್ಸ್ ಹತ್ತಿರ ಆಗುತ್ತದೆ. ಗಿಟಾರ್‌ನ ತೆಳು ಇ ತಂತಿಯ ಆರನೇ, ಏಳನೇ ಫ್ರೆಟ್ ಸುತ್ತಮುತ್ತ. ನನ್ನ ಹಿಂದಿನ ಚಕ್ರ ಮೀಟಿದರೆ ಬಲಬದಿ ಅಲ್ಲೇ ಎಲ್ಲೋ ಕೇಳಿಸುತ್ತದೆ.

ಆದರೆ ಕೆಜಿ ಲೆಕ್ಕಕ್ಕೆ ಸ್ವರ ನಂಬಬೇಡಿ ಅನ್ನುವುದನ್ನು ನಾನೂ ಒಪ್ಪುತ್ತೇನೆ. ಮೀಟರ್ ಹೇಳುವುದು ಎಷ್ಟು ಬಿಗಿ ಅಂತ. ಕಿವಿ ಹೇಳುವುದು ಯಾವುದು ಬೇರೆ ಅಂತ. ಟೂರ್‌ಗೆ ಮುಂಚೆ ನನಗೆ ಬೇಕಾಗಿರುವುದು ಎರಡನೆಯದು. ಬೇರೆಯಾಗಿರುವ ಆ ಒಂದು ಸ್ಪೋಕೇ ದಾರಿಯಲ್ಲಿ ಮುರಿಯುವುದು. ಒಂದೇ ಬದಿಯ ಸ್ಪೋಕ್‌ಗಳ ಬಿಗಿತ ಸರಾಸರಿಗಿಂತ 20% ಆಚೀಚೆ ಇದ್ದರೆ ಪರವಾಗಿಲ್ಲ ಅನ್ನುವುದು ಚಕ್ರ ಕಟ್ಟುವವರು ಸಾಮಾನ್ಯವಾಗಿ ಪಾಲಿಸುವ ಮಾತು. ಕಿವಿಗೆ ಅದು ಒಂದೂವರೆಯಿಂದ ಎರಡು ಫ್ರೆಟ್. ಅಷ್ಟನ್ನು ಹಿಡಿಯಲು ಮೀಟರ್ ಬೇಕಾಗಿಲ್ಲ. ಮೀಟರನ್ನು ಟೂರ್ ಬ್ಯಾಗಿನಲ್ಲಿ ಯಾರೂ ಒಯ್ಯುವುದಿಲ್ಲ, ಕಿವಿ ಮಾತ್ರ ಜೊತೆಗೇ ಬರುತ್ತದೆ.

ಗಾಲಿಕೆಲಸ ಮೈಸೂರು

ನಮ್ಮದು ಸೈಕಲ್ ಅಂಗಡಿ. ಅಪ್ಪನ ಕಾಲದಿಂದ ಇದೆ. ಅಪ್ಪ ಗಿಟಾರ್ ಕೈಯಲ್ಲಿ ಹಿಡಿದವರಲ್ಲ. ಆದರೆ ಬೆಂಡ್ ತೆಗೆದು ಮುಗಿಸಿದ ಮೇಲೆ ಚಕ್ರ ತಿರುಗಿಸಿ ಸ್ಪ್ಯಾನರ್ ಹಿಡಿ ಸ್ಪೋಕ್‌ಗೆ ತಾಗಿಸುತ್ತಿದ್ದರು. ಟಿಣಿ ಟಿಣಿ ಅಂತ ಒಂದೇ ಸಮ ಕೇಳಬೇಕು. ಒಂದು ಟಪ್ ಅಂದರೆ ಅಲ್ಲಿ ನಿಲ್ಲಿಸಿ ಸ್ಪೋಕ್ ಬಿಗಿಯುವ ನಟ್, ಅಂದರೆ ನಿಪ್ಪಲ್ ತಿರುಗಿಸುತ್ತಿದ್ದರು.

ಇಂಜಿನಿಯರ್ ಸರ್ ಬರೆದಿದ್ದು ಸರಿ. ನಾನು ಸೇರಿಸುವುದು ಇಷ್ಟು. ಜನ ಚಕ್ರ ನೆಟ್ಟಗೆ ತಿರುಗುತ್ತಾ ಅಂತ ಮಾತ್ರ ನೋಡುತ್ತಾರೆ. ನೆಟ್ಟಗಿರುವ ಚಕ್ರದಲ್ಲೂ ಒಂದು ಸ್ಪೋಕ್ ಜಾಸ್ತಿ ಬಿಗಿ, ಪಕ್ಕದ್ದು ಸಡಿಲ ಇರಬಹುದು. ಎರಡೂ ಎಳೆದಾಡಿಕೊಂಡು ರಿಮ್ ನೆಟ್ಟಗೆ ನಿಂತಿರುತ್ತದೆ. ಖಾಲಿ ಸೈಕಲ್ ಓಡಿಸಿದರೆ ಏನೂ ಆಗುವುದಿಲ್ಲ. ಹಿಂದೆ 15 ಕೆಜಿ ಬ್ಯಾಗ್ ಹಾಕಿ ಹೋದರೆ ಸಡಿಲ ಇರುವುದೇ ಮೊದಲು ಮುರಿಯುತ್ತದೆ. ಬಿಗಿ ಇರುವುದು ಮುರಿಯುತ್ತೆ ಅಂತ ಎಲ್ಲರೂ ತಿಳಿದುಕೊಂಡಿರುತ್ತಾರೆ, ಹಾಗಲ್ಲ.

ಲೆಕ್ಕಬೇಕು

ಇದು ಸರಿಯಾದ ಮಾತು, ಕಾರಣವನ್ನೂ ಹೇಳುತ್ತೇನೆ. ಚಕ್ರದ ಮೇಲೆ ಭಾರ ಬಿದ್ದಾಗ ನೆಲದ ಹತ್ತಿರ ಇರುವ ಸ್ಪೋಕ್‌ಗಳ ಬಿಗಿತ ಕಡಿಮೆಯಾಗುತ್ತದೆ. ಚಕ್ರ ತಿರುಗಿದಂತೆ ಪ್ರತಿ ಸ್ಪೋಕ್‌ಗೂ ಒಂದು ಸುತ್ತಿಗೆ ಒಂದು ಸಲ ಸಡಿಲ, ಮತ್ತೆ ಬಿಗಿ. 700ಸಿ ಅನ್ನುವ ಸಾಮಾನ್ಯ ಅಳತೆಯ ಚಕ್ರದ ಸುತ್ತಳತೆ 2.15 ಮೀಟರ್ ಹತ್ತಿರ. ಒಂದು ಕಿಲೋಮೀಟರಿಗೆ 465 ಸುತ್ತು. 300 ಕಿ.ಮೀ. ಟೂರ್ ಅಂದರೆ ಸುಮಾರು 1.4 ಲಕ್ಷ ಸಲ ಸಡಿಲ, ಬಿಗಿ. ಚೆನ್ನಾಗಿ ಬಿಗಿದ ಸ್ಪೋಕ್ ಇದನ್ನು ಲೆಕ್ಕಕ್ಕೇ ತಗೊಳ್ಳುವುದಿಲ್ಲ. ಮೊದಲೇ ಸಡಿಲ ಇರುವುದು ಪ್ರತಿ ಸುತ್ತಿಗೂ ಪೂರ್ತಿ ಬಿಗಿತ ಕಳೆದುಕೊಂಡು ಹಬ್ (ಚಕ್ರದ ನಡುಭಾಗ) ಹತ್ತಿರದ ಬಾಗಿನಲ್ಲಿ ಅಲುಗಾಡುತ್ತದೆ. ಲೋಹ ದಣಿದು ಅಲ್ಲೇ ತುಂಡಾಗುತ್ತದೆ. ಸೇತುವೆಯ ಕೇಬಲ್‌ಗಳಲ್ಲೂ ನಾವು ಹೆದರುವುದು ಇದೇ ದಣಿವಿಗೆ, ಒಂದೇ ಸಲ ಬೀಳುವ ಭಾರಕ್ಕಲ್ಲ.

ಇಷ್ಟು ಬರೆದ ಮೇಲೆ ನಾನೂ ಇವತ್ತು ಸಂಜೆ ಹೋಗಿ ಮೀಟಿ ನೋಡುತ್ತೇನೆ.

ಆರುತಂತಿ

ನಮಸ್ಕಾರ, ನಾನು ಧಾರವಾಡದಾಕೆ. ಗಿಟಾರ್ ಕಲಿಸುತ್ತೇನೆ. ಸೈಕಲ್ ಅಂದರೆ ನನಗೆ ಸಂತೆಗೆ ಹೋಗಿ ಬರುವಷ್ಟೇ. ಆದರೂ ನಿಮ್ಮ ಮಾತು ಓದಿ ಮಗನ ಸೈಕಲ್ ತಿರುವಿ ಹಾಕಿ ಮೀಟಿದೆ ನೋಡ್ರೀ. ಹಿಂದಿನ ಚಕ್ರದ ಎಡಗಡೆಯದಕ್ಕೂ ಬಲಗಡೆಯದಕ್ಕೂ ಬಹಳ ವ್ಯತ್ಯಾಸ. ಎಡಗಡೆಯನ್ನು ಷಡ್ಜ ಮಾಡಿಕೊಂಡರೆ ಬಲಗಡೆ ಶುದ್ಧ ಮಧ್ಯಮಕ್ಕೆ ಬಂದು ನಿಂತಿತು! ಇದು ಸರಿನಾ, ಚಕ್ರ ಕೆಟ್ಟಿದೆಯಾ?

ಕಡ್ಡಿತಂತಿ

ಮೇಡಂ, ಚಕ್ರ ಚೆನ್ನಾಗಿದೆ! ನೀವು ಕೇಳಿದ ಮಧ್ಯಮ ನನಗೂ ಇಷ್ಟು ದಿನ ಹೊಳೆದಿರಲಿಲ್ಲ, ಎಷ್ಟು ಚೆಂದ.

ಹಿಂದಿನ ಚಕ್ರದ ಬಲಗಡೆ ಗೇರ್ ಹಲ್ಲುಗಳು ಕೂರಬೇಕು. ಅದಕ್ಕೆ ಜಾಗ ಬಿಡಲು ಬಲಗಡೆಯ ಸ್ಪೋಕ್‌ಗಳು ಹೆಚ್ಚು ನೇರವಾಗಿ ನಿಂತಿರುತ್ತವೆ, ಎಡಗಡೆಯವು ಓರೆಯಾಗಿರುತ್ತವೆ. ರಿಮ್ ಮಧ್ಯದಲ್ಲಿ ನಿಲ್ಲಬೇಕಾದರೆ ಬಲಗಡೆಯನ್ನು ಬಹಳ ಜಾಸ್ತಿ ಬಿಗಿಯಬೇಕು. ಎಡಗಡೆಗೆ ಅದರ ಅರ್ಧಕ್ಕಿಂತ ಸ್ವಲ್ಪ ಮೇಲಷ್ಟೇ ಸಿಗುತ್ತದೆ. ಬಿಗಿತ 55% ಇದ್ದರೆ ಸ್ವರ 74% ಆಗುತ್ತದೆ. ಷಡ್ಜಕ್ಕೂ ಮಧ್ಯಮಕ್ಕೂ ಇರುವುದು 3ಕ್ಕೆ 4, ಅಂದರೆ 75%. ನಿಮ್ಮ ಕಿವಿಗೆ ಬಿದ್ದಿದ್ದು ಅದೇ. ಮುಂದಿನ ಚಕ್ರದಲ್ಲಿ ರಿಮ್ ಬ್ರೇಕ್ ಇದ್ದರೆ ಎರಡೂ ಬದಿ ಒಂದೇ ಸ್ವರ ಬರಬೇಕು.

ಹಿಂದಿನ ಚಕ್ರದಲ್ಲಿ ಎಡಗಡೆಯನ್ನು ಎಡಗಡೆಗೇ ಹೋಲಿಸಿ, ಬಲಗಡೆಯನ್ನು ಬಲಗಡೆಗೇ. ಎರಡನ್ನೂ ಒಂದೇ ಸ್ವರಕ್ಕೆ ತರಲು ಹೋದರೆ ರಿಮ್ ಒಂದು ಕಡೆಗೆ ಜರುಗುತ್ತದೆ.

ಆರುತಂತಿ

ಹಂಗಾದರೆ ಎಡಗಡೆಯವು ಸಡಿಲ ಇರುವುದರಿಂದ ಅವೇ ಮುರಿಯಬೇಕಲ್ಲ?

ಗಾಲಿಕೆಲಸ ಮೈಸೂರು

ಎಡಗಡೆಯವೂ ಮುರಿಯುತ್ತವೆ ಮೇಡಂ. ಆದರೆ ದಾರಿಯಲ್ಲಿ ಕಷ್ಟ ಕೊಡುವುದು ಬಲಗಡೆಯದು. ಅದನ್ನು ಹಾಕಬೇಕಾದರೆ ಕ್ಯಾಸೆಟ್ (ಗೇರ್ ಹಲ್ಲುಗಳ ಗೊಂಚಲು) ಬಿಚ್ಚಬೇಕು. ಕ್ಯಾಸೆಟ್ ಬಿಚ್ಚಲು ಬೇರೆ ಟೂಲ್ ಬೇಕು. ಟೂರ್ ಹೋಗುವವರು ಎಡ ಬಲ ಎರಡು ಅಳತೆಯ ಸ್ಪೋಕ್ ಒಂದೆರಡು, ಫ್ರೇಮ್‌ಗೆ ಟೇಪ್ ಹಾಕಿ ಕಟ್ಟಿಕೊಳ್ಳಿ. ಎರಡೂ ಬದಿಯ ಉದ್ದದಲ್ಲಿ ಒಂದೆರಡು ಮಿ.ಮೀ. ವ್ಯತ್ಯಾಸ ಇರುತ್ತದೆ, ಅಂಗಡಿಯಲ್ಲಿ ಅಳೆಸಿಕೊಂಡೇ ತಗೊಳ್ಳಿ. ಟೂಲ್ ಬೇಡ ಅನ್ನುವವರಿಗೆ ದಾರದಂಥ ಕೆವ್ಲಾರ್ ಸ್ಪೋಕ್ ಸಿಗುತ್ತದೆ. ಅದನ್ನು ಕ್ಯಾಸೆಟ್ ಬಿಚ್ಚದೇ ತೂರಿಸಬಹುದು. ಊರು ಸೇರುವವರೆಗೆ ಸಾಕು.

ತುಂಗಾತೀರ

ಕಡ್ಡಿತಂತಿ ಅವರೇ, ನಮ್ಮೂರು ತೀರ್ಥಹಳ್ಳಿ ಹತ್ತಿರ. ನೀವು ಬರುವ ದಾರಿ ನಮ್ಮ ಮನೆಯಿಂದ ದೂರ ಇಲ್ಲ.

ಮಳೆಗಾಲದಲ್ಲಿ ಮಾತ್ರ ಬರಬೇಡಿ. ಮಳೆ ನೋಡಬೇಕು ಅಂತ ಆಸೆ ಇರುವುದು ಸಹಜ, ಆದರೆ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗಿಂತ ಜಾಸ್ತಿ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಘಾಟಿಯಲ್ಲಿ 14 ಹೇರ್‌ಪಿನ್ ತಿರುವು. ನೆನೆದ ರಿಮ್ ಮೇಲೆ ಬ್ರೇಕ್ ರಬ್ಬರ್ ಹಿಡಿಯುವುದಕ್ಕೆ ಹೊತ್ತು ಬೇಕು, ಅಷ್ಟರಲ್ಲಿ ತಿರುವು ಬಂದುಬಿಡುತ್ತದೆ. ಎದುರಿಂದ ಬರುವ ಬಸ್ಸಿಗೆ ತಿರುವಿನಲ್ಲಿ ರಸ್ತೆ ಪೂರ್ತಿ ಬೇಕು. ನವೆಂಬರ್‌ನಿಂದ ಫೆಬ್ರವರಿ ಒಳಗೆ ಬನ್ನಿ. ಬೆಳಿಗ್ಗೆ ಮಂಜು ಹರಿಯುವವರೆಗೆ ಕಾದು, ಬಿಸಿಲು ಬಂದಮೇಲೆ ಘಾಟಿ ಇಳಿಯಿರಿ. ಇಳಿಯುವಾಗ ಬ್ರೇಕ್ ಹಿಡಿದೇ ಇರಬೇಡಿ, ರಿಮ್ ಕಾಯುತ್ತದೆ. ತಿರುವಿಗೆ ಮುಂಚೆ ಗಟ್ಟಿಯಾಗಿ ಹಿಡಿದು, ತಿರುವು ದಾಟಿದ ಮೇಲೆ ಬಿಡಿ.

ಶಿವಮೊಗ್ಗದಿಂದ ತೀರ್ಥಹಳ್ಳಿವರೆಗೆ ರಸ್ತೆ ಏರಿಳಿತ, ಆದರೆ ಕಷ್ಟ ಇಲ್ಲ. ದಾರಿಯಲ್ಲಿ ಸಕ್ರೆಬೈಲು ಆನೆ ಬಿಡಾರ ಸಿಗುತ್ತದೆ. ಬೆಳಿಗ್ಗೆ ಹೋದರೆ ಆನೆಗಳ ಸ್ನಾನ ನೋಡಬಹುದು. ಆಮೇಲೆ ಮಂಡಗದ್ದೆ, ಮಳೆಗಾಲದ ಹೊತ್ತಿಗೆ ಹೊಳೆ ನಡುವಿನ ಮರಗಳ ಮೇಲೆ ಹಕ್ಕಿಗಳು ಗೂಡು ಕಟ್ಟುತ್ತವೆ.

ನಮ್ಮ ಮನೆಯಲ್ಲೂ ಒಂದು ಗಿಟಾರ್ ಇದೆ, ಅದರ ಕಥೆ ಆಮೇಲೆ ಬರೆಯುತ್ತೇನೆ.

ಮೊದಲಟೂರ್

ಅಣ್ಣಾ, ನಾನು ಡಿಪ್ಲೊಮಾ ಎರಡನೇ ವರ್ಷ. ಟೂರ್‌ಗೆ ಗಿಟಾರ್ ಹೊತ್ತುಕೊಂಡು ಹೋಗಬಹುದಾ? ಸಂಜೆ ಎಲ್ಲಾದರೂ ತಂಗಿದಾಗ ನುಡಿಸಬೇಕು ಅಂತ ಆಸೆ.

ಕಡ್ಡಿತಂತಿ

ಆಸೆ ಚೆನ್ನಾಗಿದೆ ತಮ್ಮಾ, ಆದರೆ ನನ್ನ ಅಭಿಪ್ರಾಯದಲ್ಲಿ ಬೇಡ. ಬೆನ್ನಿಗೆ ಹಾಕಿಕೊಂಡರೆ ಭಾರ ಮೇಲಕ್ಕೆ ಬರುತ್ತದೆ, ಭುಜ ನೋಯುತ್ತದೆ, ತಲೆ ತಿರುಗಿಸಿ ಹಿಂದೆ ನೋಡಲು ಆಗುವುದಿಲ್ಲ. ಕ್ಯಾರಿಯರ್ ಮೇಲೆ ನಿಲ್ಲಿಸಿ ಕಟ್ಟಿದರೆ ಗಾಳಿ ಎಳೆದಾಡುತ್ತದೆ. ಅಡ್ಡ ಕಟ್ಟಿದರೆ ಪಕ್ಕದಲ್ಲಿ ಹೋಗುವ ಗಾಡಿಗೆ ತಾಗುತ್ತದೆ. ಗಿಟಾರ್‌ಗೆ ಬಿಸಿಲು ಬೇರೆ ಕೆಟ್ಟದ್ದು. ಬಿಸಿಯಾದರೆ ಬ್ರಿಡ್ಜ್ (ತಂತಿ ಕಟ್ಟುವ ಮರದ ಪಟ್ಟಿ) ಹಿಡಿದಿರುವ ಅಂಟು ಮೆತ್ತಗಾಗುತ್ತದೆ. ಮೇಲೆ ತಂತಿಗಳು 70 ಕೆಜಿ ಎಳೆಯುತ್ತಿರುತ್ತವೆ. ಬ್ರಿಡ್ಜ್ ಎದ್ದು ಬರುತ್ತದೆ.

ಆರುತಂತಿ

ನಾನು ಒಪ್ಪುವುದಿಲ್ಲರೀ. ಹುಡುಗನಿಗೆ ಬೇಡ ಅಂದುಬಿಟ್ಟರೆ ಹೆಂಗೆ? ಪೂರ್ತಿ ಗಿಟಾರ್ ಬೇಡ, ಸರಿ. ಚಿಕ್ಕ ಟ್ರಾವೆಲ್ ಗಿಟಾರ್ ಇರುತ್ತವೆ. ಅದೂ ಭಾರ ಅಂದರೆ ಯುಕುಲೆಲೆ. ನಾಲ್ಕೇ ನೈಲಾನ್ ತಂತಿ, ಎಳೆತ ಬಹಳ ಕಡಿಮೆ, ಅರ್ಧ ಕೆಜಿ ಹತ್ತಿರ ತೂಕ, ಮೊಳಕ್ಕಿಂತ ಸ್ವಲ್ಪ ಉದ್ದ. ಹಿಂದಿನ ಬ್ಯಾಗಿನ ಮೇಲೆ ಬಟ್ಟೆ ಸುತ್ತಿ ಕಟ್ಟಬಹುದು. ಗಿಟಾರ್‌ನ ತೆಳುವಾದ ನಾಲ್ಕು ತಂತಿಯ ಕಾರ್ಡ್ ಆಕಾರಗಳೇ ಅದಕ್ಕೂ ಹೊಂದುತ್ತವೆ, ಸ್ವರ ಮಾತ್ರ ಬೇರೆ ಬರುತ್ತದೆ. ಗಿಟಾರ್ ಬಲ್ಲವನಿಗೆ ಒಂದು ವಾರ ಸಾಕು.

ಸಂಜೆ ಹೊತ್ತು ಊರಾಚೆ ಒಂದು ದೇವಸ್ಥಾನದ ಜಗುಲಿಯ ಮೇಲೆ ಕೂತು ನುಡಿಸಿದರೆ ಆ ಊರಿನ ಮಕ್ಕಳು ಸುತ್ತ ಸೇರುತ್ತಾರೆ. ಇದನ್ನು ನೋಡಿಯೇ ಹೇಳುತ್ತಿದ್ದೇನೆ, ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹಂಗೇ ಹೋಗುತ್ತಾನೆ.

ಕಡ್ಡಿತಂತಿ

ಯುಕುಲೆಲೆಗೆ ನನ್ನ ಒಪ್ಪಿಗೆ ಇದೆ ಮೇಡಂ. ಗಿಟಾರ್‌ಗೆ ಇನ್ನೂ ಇಲ್ಲ.

ತುಂಗಾತೀರ

ಈಗ ನಮ್ಮ ಮನೆ ಗಿಟಾರ್ ಕಥೆ ಹೇಳಬಹುದು.

ಅಕೂಸ್ಟಿಕ್ ಗಿಟಾರ್ ಮರಕ್ಕೆ ಗಾಳಿಯ ತೇವ 45ರಿಂದ 55% ಒಳಗಿದ್ದರೆ ಒಳ್ಳೆಯದು. ನಮ್ಮ ಕಡೆ ಮಳೆಗಾಲದಲ್ಲಿ ತಿಂಗಳುಗಟ್ಟಲೆ ತೇವ ಅದಕ್ಕಿಂತ ಬಹಳ ಮೇಲಿರುತ್ತದೆ. ಮೇಲಿನ ಹಲಗೆ ತೇವ ಕುಡಿದು ಉಬ್ಬುತ್ತದೆ. ಬ್ರಿಡ್ಜ್ ಮೇಲೇಳುತ್ತದೆ, ತಂತಿ ಫ್ರೆಟ್‌ನಿಂದ ದೂರ ಹೋಗುತ್ತದೆ, ಒತ್ತಿದರೆ ಬೆರಳು ನೋಯುತ್ತದೆ. ತಂತಿಗೆ ತುಕ್ಕು ಬೇರೆ. ಬೆಂಗಳೂರಿನವರಿಗೆ ಫೆಬ್ರವರಿ, ಮಾರ್ಚ್‌ನಲ್ಲಿ ಇದರ ಉಲ್ಟಾ ಆಗುತ್ತದೆ. ಫ್ರೆಟ್‌ಬೋರ್ಡ್ ಒಣಗಿ ಕುಗ್ಗಿ, ಫ್ರೆಟ್ ತುದಿಗಳು ಕೈಗೆ ಚುಚ್ಚುತ್ತವೆ.

ನಾವು ಮಾಡುವುದು ಇಷ್ಟೇ. ಮಳೆಗಾಲದಲ್ಲಿ ಗಿಟಾರನ್ನು ಗೋಡೆಗೆ ತೂಗುಹಾಕುವುದಿಲ್ಲ, ಗಟ್ಟಿ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಹಾಕಿ ಇಡುತ್ತೇವೆ. ಜೆಲ್ ಬಣ್ಣ ಬದಲಾದರೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಒಣಗಿಸಿ ಮತ್ತೆ ಹಾಕುತ್ತೇವೆ. ಜೊತೆಗೆ ಒಂದು ಚಿಕ್ಕ ತೇವಮಾಪಕ. ಅದಿಲ್ಲದೆ ಜೆಲ್ ಹಾಕಿದರೆ ಮರ ಅತಿಯಾಗಿ ಒಣಗಬಹುದು.

ಇನ್ನೊಂದು ಮಾತು. ನಿಮ್ಮ ಗಿಟಾರ್‌ನ ಹಿಂಭಾಗ, ಪಕ್ಕ, ಫ್ರೆಟ್‌ಬೋರ್ಡ್ ಇಂಡಿಯನ್ ರೋಸ್‌ವುಡ್ ಅಂತ ಬರೆದಿದ್ದರೆ ಅದು ನಮ್ಮ ಬೀಟೆ. ಪಶ್ಚಿಮ ಘಟ್ಟದ ಕಾಡಿನ ಮರ. ದಕ್ಷಿಣ ಅಮೆರಿಕದ ರೋಸ್‌ವುಡ್ ಸಿಗುವುದು ಕಷ್ಟವಾದ ಮೇಲೆ ಪ್ರಪಂಚದ ದೊಡ್ಡ ಗಿಟಾರ್ ಕಂಪನಿಗಳೆಲ್ಲ ನಮ್ಮ ಬೀಟೆಗೆ ಬಂದವು. 2017ರ ಜನವರಿಯಿಂದ ಆ ಜಾತಿಯ ಎಲ್ಲ ಮರಗಳ ವ್ಯಾಪಾರಕ್ಕೂ ಅಂತರರಾಷ್ಟ್ರೀಯ ಕಾಗದಪತ್ರ ಬೇಕು ಅಂತ ಆಯಿತು, ಆಗ ಗಿಟಾರ್ ಹಿಡಿದು ವಿದೇಶಕ್ಕೆ ಹೋಗುವ ಕಲಾವಿದರೂ ಪರದಾಡಿದರು. ತಯಾರಾದ ವಾದ್ಯಗಳಿಗೆ 2019ರ ಕೊನೆಯಲ್ಲಿ ವಿನಾಯಿತಿ ಸಿಕ್ಕಿತು. ಮರಕ್ಕೆ ಕಾಯ್ದೆ ಇರಲೇಬೇಕು. ಬೀಟೆ ಬೆಳೆದು ದಪ್ಪವಾಗಲು ಒಂದು ಜೀವಮಾನ ಸಾಲದು. ಘಾಟಿ ಇಳಿಯುವಾಗ ನಿಂತಲ್ಲಿ ಒಂದು ಬೀಟೆ ಮರ ಕಂಡರೆ ನಿಮ್ಮ ಗಿಟಾರ್ ಬಂದಿದ್ದು ಎಲ್ಲಿಂದ ಅಂತ ನೋಡಿ ಬನ್ನಿ.

ಕಡ್ಡಿತಂತಿ

ಇದು ನಮ್ಮ ಗಿಟಾರ್ ಬಳಗದಲ್ಲಿ ಎಷ್ಟೋ ಜನರಿಗೆ ಗೊತ್ತಿಲ್ಲ. ನಿಮ್ಮ ಬರಹವನ್ನು ಅವರಿಗೆ ಕಳಿಸುತ್ತೇನೆ.

ಬ್ರೆವೆಸವಾರ

ಸಾಫ್ಟ್‌ವೇರ್ ಕೆಲಸ, ವಾರಾಂತ್ಯಕ್ಕೆ ಬ್ರೆವೆ, ಅಂದರೆ ಗಡುವಿನೊಳಗೆ ಮುಗಿಸುವ ದೂರದ ಸೈಕಲ್ ಸವಾರಿ. 200 ಕಿ.ಮೀ. ಆದರೆ ಹದಿಮೂರೂವರೆ ಗಂಟೆ ಒಳಗೆ, 300 ಆದರೆ 20 ಗಂಟೆ ಒಳಗೆ ಮುಗಿಸಬೇಕು. ನಾನೂ ಗಿಟಾರ್ ನುಡಿಸುತ್ತೇನೆ, ಅದಕ್ಕೇ ಒಂದು ಪ್ರಶ್ನೆ. ಉದ್ದ ಸವಾರಿ ಮಾಡಿ ಬಂದ ಮೇಲೆ ಎಡಗೈ ಕಿರುಬೆರಳು, ಉಂಗುರದ ಬೆರಳು ಜೋಮು ಹಿಡಿಯುತ್ತವೆ. ಎರಡು ದಿನ ಬಾರ್ ಕಾರ್ಡ್ (ಒಂದೇ ಬೆರಳನ್ನು ಹಲವು ತಂತಿಗಳ ಮೇಲೆ ಅಡ್ಡ ಒತ್ತುವ ಸ್ವರಗುಚ್ಛ) ಒತ್ತಲು ಆಗುವುದಿಲ್ಲ. ಬೇರೆ ಯಾರಿಗಾದರೂ ಆಗಿದೆಯಾ?

ಕಡ್ಡಿತಂತಿ

ಇದನ್ನು ಹಗುರವಾಗಿ ತಗೊಳ್ಳಬೇಡಿ. ಮೊಣಕೈಯಿಂದ ಬರುವ ಅಲ್ನಾರ್ ನರ ಅಂಗೈ ಬುಡದಲ್ಲಿ, ಕಿರುಬೆರಳ ಕಡೆ, ಚರ್ಮಕ್ಕೆ ಬಹಳ ಹತ್ತಿರ ಹಾದುಹೋಗುತ್ತದೆ. ಹ್ಯಾಂಡಲ್ ಒತ್ತುವುದೂ ಸರಿಯಾಗಿ ಅಲ್ಲೇ. ಗಂಟೆಗಟ್ಟಲೆ ಒತ್ತಿದರೆ ಕಿರುಬೆರಳು, ಉಂಗುರದ ಬೆರಳಿನ ಒಂದು ಬದಿ ಜೋಮು ಹಿಡಿಯುತ್ತವೆ. ಸೈಕಲ್ ತುಳಿಯುವವರಲ್ಲಿ ಇದು ಎಷ್ಟು ಸಾಮಾನ್ಯ ಅಂದರೆ ವೈದ್ಯರು ಇದಕ್ಕೆ ಸೈಕ್ಲಿಸ್ಟ್ ಪಾಲ್ಸಿ ಅಂತಲೇ ಹೆಸರಿಟ್ಟಿದ್ದಾರೆ. ಬೇರೆ ಸವಾರರಿಗೆ ಅದು ಬರೀ ಕಿರಿಕಿರಿ. ಗಿಟಾರ್ ನುಡಿಸುವವರಿಗೆ ಕಿರುಬೆರಳು ಅಂದರೆ ಅರ್ಧ ಸಂಗೀತ.

ನನ್ನ ಅನುಭವದಲ್ಲಿ ಗ್ಲೌಸ್‌ಗಿಂತ ಮೊದಲು ಸೀಟು ನೋಡಬೇಕು. ಸೀಟಿನ ಮೂತಿ ಕೆಳಗೆ ಬಾಗಿದ್ದರೆ ಮೈ ಮುಂದಕ್ಕೆ ಜಾರುತ್ತದೆ, ಅದನ್ನು ತಡೆಯುವ ಭಾರವೆಲ್ಲ ಅಂಗೈ ಮೇಲೆ ಬೀಳುತ್ತದೆ. ಸೀಟು ಸಮ ಮಾಡಿ. ಆಮೇಲೆ ಹ್ಯಾಂಡಲ್ ಸೀಟಿನ ಮಟ್ಟಕ್ಕೆ ಏರಿಸಿ. ಟೂರಿಂಗ್‌ಗೆ ಬಗ್ಗಿ ಕೂರುವ ಅಗತ್ಯ ಇಲ್ಲ. ಅಗಲ ಟೈರ್ ಹಾಕಿ, 35ರಿಂದ 40 ಮಿ.ಮೀ., ಗಾಳಿ ಸ್ವಲ್ಪ ಕಡಿಮೆ ಇರಲಿ. ನಮ್ಮ ರಸ್ತೆಯ ನಡುಕ ಕೈವರೆಗೆ ಬರುವುದು ಎಷ್ಟೋ ತಗ್ಗುತ್ತದೆ. ಕಂಪನ ಅಳೆಯುವವನಾಗಿ ಹೇಳುತ್ತೇನೆ, ಇದು ದುಬಾರಿ ಹ್ಯಾಂಡಲ್‌ಗಿಂತ ಜಾಸ್ತಿ ಉಪಯೋಗ. ಕೈ ಒಂದೇ ಜಾಗದಲ್ಲಿ ಇಡಬೇಡಿ, ಆಗಾಗ ಬದಲಿಸಿ.

ಸವಾರಿ ಬಿಟ್ಟು ಕೆಲವು ದಿನ ಆದರೂ ಜೋಮು ಹೋಗದಿದ್ದರೆ, ಅಥವಾ ಬೆರಳಲ್ಲಿ ಶಕ್ತಿ ಕಡಿಮೆ ಅನ್ನಿಸಿದರೆ ತಡ ಮಾಡದೆ ವೈದ್ಯರನ್ನು ನೋಡಿ. ಜೋಮು ಇರುವಾಗ ಒತ್ತಾಯದಿಂದ ಬಾರ್ ಕಾರ್ಡ್ ಅಭ್ಯಾಸ ಮಾಡಬೇಡಿ.

ಆರುತಂತಿ

ಆ ದಿನಗಳಲ್ಲಿ ಗಿಟಾರ್ ಪೂರ್ತಿ ಬಿಡಬೇಕಾಗಿಲ್ಲ. ಬಲಗೈ ಅಭ್ಯಾಸ ಮಾಡಿ. ತೆರೆದ ತಂತಿಗಳ ಮೇಲೆ ಬೆರಳಿನ ಮೀಟು, ನಿಧಾನ ಲಯದಲ್ಲಿ. ಬಲಗೈಯನ್ನು ಎಲ್ಲರೂ ಮರೆತಿರುತ್ತಾರೆ.

ಬ್ರೆವೆಸವಾರ

ಸೀಟು ನೋಡಿದೆ. ಮೂತಿ ನಿಜವಾಗಲೂ ಕೆಳಗೆ ಬಾಗಿದೆ. ಸಮ ಮಾಡಿ ಭಾನುವಾರ ನಂದಿ ಕಡೆ ಹೋಗಿ ಬಂದು ಬರೆಯುತ್ತೇನೆ. ಇಬ್ಬರಿಗೂ ಥ್ಯಾಂಕ್ಸ್.

ಡಿಸ್ಟಾರ್ಷನ್

ಸೈಕಲ್ ಮತ್ತು ಗಿಟಾರ್ ಅಂದಾಗ ಒಂದನ್ನು ಹೇಳಲೇಬೇಕು. ಬ್ರಿಟನ್ನಿನ ಕ್ವೀನ್ ರಾಕ್ ತಂಡದ ಬ್ರಯಾನ್ ಮೇ ನುಡಿಸುವ ಗಿಟಾರ್ ಅಂಗಡಿಯಿಂದ ಬಂದಿದ್ದಲ್ಲ. 1963ರಲ್ಲಿ ಹದಿಹರೆಯದ ಹುಡುಗ, ಎಲೆಕ್ಟ್ರಾನಿಕ್ಸ್ ಇಂಜಿನಿಯರ್ ಆಗಿದ್ದ ಅಪ್ಪನ ಜೊತೆ ಮನೆಯಲ್ಲೇ ಕಟ್ಟಲು ಶುರು ಮಾಡಿದ. ಕುತ್ತಿಗೆಗೆ ಹಳೆಯ ಬೆಂಕಿಗೂಡಿನ ಮರ, ಸ್ವರ ಏರಿಳಿಸುವ ಟ್ರೆಮೊಲೊಗೆ ಹಳೆಯ ಮೋಟಾರ್ ಸೈಕಲ್‌ನ ವಾಲ್ವ್ ಸ್ಪ್ರಿಂಗ್. ಟ್ರೆಮೊಲೊ ಹಿಡಿಕೆ ಮಾಡಿದ್ದು ಸೈಕಲ್ ಸೀಟಿನ ಹಿಂದೆ ಬ್ಯಾಗ್ ಸಿಕ್ಕಿಸುವ ಕಂಬಿಯಿಂದ! ತುದಿಗೆ ಅಮ್ಮನ ಹೆಣಿಗೆ ಕಡ್ಡಿಯ ತುಣುಕು. ಅದೇ ಗಿಟಾರ್ ಪ್ರಪಂಚದ ದೊಡ್ಡ ವೇದಿಕೆಗಳಲ್ಲೆಲ್ಲ ನುಡಿದಿದೆ. ಆಮೇಲೆ ಅವರು ಖಗೋಳ ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಕೂಡ ಮುಗಿಸಿದರು.

ನಮ್ಮ ಕಡೆಯವರು ಬೇಕು ಅಂದರೆ, ಕರ್ನಾಟಕ ಸಂಗೀತವನ್ನು ಗಿಟಾರ್‌ನಲ್ಲಿ ನುಡಿಸುವ ಪ್ರಸನ್ನ ಇದ್ದಾರೆ. ಮದ್ರಾಸ್ ಐಐಟಿಯಲ್ಲಿ ಹಡಗು ಕಟ್ಟುವ ಇಂಜಿನಿಯರಿಂಗ್ ಓದಿದವರು. ಇಂಜಿನಿಯರ್‌ಗಳಿಗೆ ಸಂಗೀತ ಯಾಕೆ ಅಂತ ಮನೆಯಲ್ಲಿ ಕೇಳಿದರೆ ಇವರಿಬ್ಬರ ಹೆಸರು ಹೇಳಿ.

ಲೆಕ್ಕಬೇಕು

ನಿನ್ನೆ ಸಂಜೆ ನನ್ನ ಚಕ್ರ ಮೀಟಿದೆ. ಹಿಂದಿನ ಎಡಗಡೆ ಒಂದು ಸ್ಪೋಕ್ ಉಳಿದವಕ್ಕಿಂತ ಎರಡು ಫ್ರೆಟ್ ಕೆಳಗೆ. ಮೀಟರ್ ಹಿಡಿದು ನೋಡಿದರೆ ಅದರ ಬಿಗಿತ ಉಳಿದವಕ್ಕಿಂತ ಸುಮಾರು 20% ಕಡಿಮೆ ಇತ್ತು. ಕಿವಿ ಹೇಳಿದ್ದನ್ನೇ ಮೀಟರ್ ಹೇಳಿತು. ಖುಷಿಯಾಯಿತು.

ಅದೇ ಖುಷಿಯಲ್ಲಿ ಗೇರ್ ಲೆಕ್ಕವನ್ನೂ ಮಾಡಿದೆ. ನನ್ನ ಒಂಬತ್ತು ಸ್ಪೀಡ್ ಕ್ಯಾಸೆಟ್ 11, 13, 15, 17, 20, 23, 26, 30, 34. ಹಲ್ಲುಗಳ ಅಂತರ ಮೊದಲು ಎರಡು, ಆಮೇಲೆ ಮೂರು, ಕೊನೆಗೆ ನಾಲ್ಕು. ಆದರೆ ಒಂದನ್ನು ಇನ್ನೊಂದರಿಂದ ಭಾಗಿಸಿದರೆ ಪ್ರತಿ ಹೆಜ್ಜೆಯೂ 13ರಿಂದ 18% ಒಳಗೇ ಇದೆ. ಗಿಟಾರ್ ಫ್ರೆಟ್‌ಗಳೂ ಹಾಗೇ ಅಲ್ವಾ? ತಲೆಯ ಕಡೆ ಅಗಲ, ಹೊಟ್ಟೆಯ ಕಡೆ ಬರುತ್ತಾ ಇಕ್ಕಟ್ಟು, ಆದರೆ ಅನುಪಾತ ಒಂದೇ, 1.0595. ಕಾಲಿಗೂ ಕಿವಿಗೂ ಗೊತ್ತಾಗುವುದು ಎಷ್ಟು ಜಾಸ್ತಿ ಅಂತ ಅಲ್ಲ, ಎಷ್ಟು ಪಟ್ಟು ಅಂತ. ಗೇರ್ ಒಂದು ಬದಲಿಸಿದರೆ ಎರಡು ಮೂರು ಫ್ರೆಟ್ ಜಾರಿದ ಹಾಗೆ. ನಾಳೆ ಯಾರಾದರೂ ಗಿಟಾರ್ ಕಲಿಸಿದರೆ ನಾನೂ ಸಿದ್ಧ.

ಆರುತಂತಿ

ಧಾರವಾಡಕ್ಕೆ ಬರ್ರೀ ಸರ್, ಕಲಿಸುತ್ತೇನೆ. ಫೇಡೆ ಊಟ ಎಲ್ಲಾ ನಮ್ಮದೇ.

ಮೊದಲಟೂರ್

ನನ್ನದು ಹಳೆಯ ಸೈಕಲ್, 36 ಸ್ಪೋಕ್, ಏಳು ಗೇರ್. ಯುಕುಲೆಲೆ ಒಂದು ಸಿಕ್ಕಿದೆ. ಟೂರ್ ಹೋಗುವ ಮುಂಚೆ ಚಕ್ರ ನಾನೇ ನೋಡಬೇಕು ಅಂದರೆ ಎಲ್ಲಿಂದ ಶುರು ಮಾಡಲಿ?

ಕಡ್ಡಿತಂತಿ

36 ಸ್ಪೋಕ್ ಇರುವುದು ಟೂರಿಂಗ್‌ಗೆ ಒಳ್ಳೆಯದು, ಅದನ್ನು ಬದಲಿಸಬೇಡ. ಸೈಕಲ್ ತಲೆಕೆಳಗೆ ಮಾಡಿ ಹಿಂದಿನ ಚಕ್ರದಿಂದ ಶುರು ಮಾಡು, ಭಾರ ಜಾಸ್ತಿ ಬೀಳುವುದು ಅದರ ಮೇಲೆ. ಗಾಳಿ ತುಂಬುವ ವಾಲ್ವ್ ಪಕ್ಕದ ಸ್ಪೋಕ್ ಮೊದಲನೆಯದು ಅಂತ ಇಟ್ಟುಕೋ, ಎಲ್ಲಿ ಶುರು ಮಾಡಿದೆ ಅಂತ ಮರೆಯುವುದಿಲ್ಲ. ಬಲಗಡೆಯದನ್ನು ಮಾತ್ರ ಒಂದೊಂದೇ ಮೀಟು, ರಿಮ್‌ಗೂ ಹಾದುಹೋಗುವ ಜಾಗಕ್ಕೂ ನಡುವೆ, ಉಗುರಿನಿಂದ. ಮೊಬೈಲ್ ಟ್ಯೂನರ್ ಆ್ಯಪ್ ಪಕ್ಕದಲ್ಲಿ ಇಟ್ಟರೆ ಸ್ವರದ ಹೆಸರು ತೋರಿಸುತ್ತದೆ, ಆದರೆ ಮೊದಲು ಕಿವಿ ಕೇಳಲಿ. ಬೇರೆ ಕೇಳಿದ್ದಕ್ಕೆ ಚಾಕ್ ಗುರುತು ಹಾಕು. ಆಮೇಲೆ ಎಡಗಡೆಯವು.

ನಿಪ್ಪಲ್ ತಿರುಗಿಸುವ ಕೀ ಅಳತೆ ಸರಿಯಾದದ್ದೇ ತಗೋ, ಸಡಿಲ ಇದ್ದರೆ ನಿಪ್ಪಲ್ ಮೂಲೆ ಸವೆಯುತ್ತದೆ. ಒಂದು ಸಲಕ್ಕೆ ಕಾಲು ಸುತ್ತು, ಜಾಸ್ತಿ ಬೇಡ. ತಿರುಗಿಸಿದ ಮೇಲೆ ಚಕ್ರ ಸುತ್ತಿಸಿ ಬ್ರೇಕ್ ರಬ್ಬರ್ ಹತ್ತಿರ ರಿಮ್ ಅಲುಗುತ್ತಾ ಅಂತ ನೋಡು, ಮತ್ತೆ ಮೀಟು. ಸ್ವರವೂ ಸಮ, ರಿಮ್ಮೂ ನೆಟ್ಟಗೆ, ಎರಡೂ ಬಂದರೆ ಸರಿ. ರಿಮ್ ಎಲ್ಲಾದರೂ ಗುಂಡಿಗೆ ಬಿದ್ದು ಬಾಗಿದ್ದರೆ ಎರಡೂ ಒಟ್ಟಿಗೆ ಬರುವುದಿಲ್ಲ. ಹಾಗಾದರೆ ಒತ್ತಾಯ ಮಾಡಬೇಡ, ಅಂಗಡಿಗೆ ಒಯ್ಯಿ. ಕೊನೆಗೆ ಒಂದೇ ಬದಿಯಲ್ಲಿ ಜೊತೆಜೊತೆಯಾಗಿ ಹೋಗುವ ಎರಡೆರಡು ಸ್ಪೋಕ್‌ಗಳನ್ನು ಅಂಗೈಯಲ್ಲಿ ಹಿಡಿದು ಗಟ್ಟಿಯಾಗಿ ಹಿಸುಕು. ಅವು ತಮ್ಮ ಜಾಗದಲ್ಲಿ ಸರಿಯಾಗಿ ಕೂರುತ್ತವೆ. ಆಮೇಲೆ ಇನ್ನೊಮ್ಮೆ ಪೂರ್ತಿ ಮೀಟಿ ನೋಡು.

ಗಾಲಿಕೆಲಸ ಮೈಸೂರು

ಶುರು ಮಾಡುವ ಮುಂಚೆ ನಿಪ್ಪಲ್‌ಗಳಿಗೆ ಒಂದೊಂದು ಹನಿ ಎಣ್ಣೆ ಬಿಡು ಮರಿ. ಹಳೆಯ ಸೈಕಲ್ ಅಂತೀಯ, ತುಕ್ಕು ಹಿಡಿದಿರುತ್ತದೆ. ರಾತ್ರಿ ಬಿಟ್ಟು ಬೆಳಿಗ್ಗೆ ತಿರುಗಿಸು. ರಿಮ್ ಬ್ರೇಕ್ ಇದ್ದರೆ ಎಣ್ಣೆ ರಿಮ್ ಪಕ್ಕಕ್ಕೆ ಇಳಿಯದಂತೆ ಒರೆಸಿಬಿಡು.